ಪರಮಾಣು ಬೀಜದ ಅನುರಣನೆ: ಒಂದು ರೂಪಕದ ಪರೀಕ್ಷೆ

ಕಾವ್ಯಮೀಮಾಂಸೆಯನ್ನು ಓದುವ ಐಚ್ಛಿಕ ಕನ್ನಡ ವಿದ್ಯಾರ್ಥಿಗಳಿಗೆ ‘ಅನುರಣನ’ ಎಂಬ ಮಾತು ಹೊಸತಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯ ಭೇದಗಳನ್ನು ವಿಂಗಡಿಸುವಾಗ, ವಾಚ್ಯಾರ್ಥದಿಂದ ವ್ಯಂಗ್ಯಾರ್ಥಕ್ಕೆ ಸಾಗುವ ಕ್ರಮವು ಸಹೃದಯನ ಅರಿವಿಗೆ ಬರುವಂತಹ ಧ್ವನಿಯನ್ನು ಗಂಟೆಯ ಪೆಟ್ಟಿನ ಹಿಂದೆ ಉಳಿದು ಬರುವ ಮೊಳಗಿಗೆ ಹೋಲಿಸಿದನು. ಸಂಲಕ್ಷ್ಯಕ್ರಮವ್ಯಂಗ್ಯವೆಂದು ನಾವು ಪರೀಕ್ಷೆಯಲ್ಲಿ ಬರೆಯುವುದು ಇದನ್ನೇ. ತುಮಕೂರು ಜಿಲ್ಲೆಯವರಾದ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಈ ವಿಭಾಗ ನೆನಪಿರುತ್ತದೆ.

ಇದೇ ಮಾತು ಭೌತಶಾಸ್ತ್ರದ ಕನ್ನಡ ಪಠ್ಯಗಳಲ್ಲಿ ‘ಅನುರಣನೆ’ ಎಂದು ಬಳಕೆಯಲ್ಲಿದೆ, ಅನುನಾದವೆನ್ನುವವರೂ ಉಂಟು. ಆದರೆ ಅರ್ಥ ಬೇರೆ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಒಂದು ತೂಗಾಟದ ವೇಗವಿರುತ್ತದೆ. ಹೊರಗಿನಿಂದ ಬರುವ ಪ್ರೇರಣೆಯ ವೇಗವು ಅದಕ್ಕೆ ಸರಿಹೊಂದಿದಾಗ ವಸ್ತು ಮಿತಿಮೀರಿ ಓಗೊಡುತ್ತದೆ. ಉಯ್ಯಾಲೆಯನ್ನು ಅದರ ಲಯವರಿತು ನೂಕಿದರೆ ಬೆರಳ ತುದಿಯಷ್ಟು ಬಲ ಸಾಕು. ಲಯ ತಪ್ಪಿಸಿ ನೂಕಿದರೆ ತೋಳಿನ ಬಲವೂ ವ್ಯರ್ಥ. ಕಾವ್ಯದ ಅನುರಣನದಲ್ಲಿ ಮುಖ್ಯವಾದುದು ಪೆಟ್ಟಿನ ನಂತರ ಉಳಿಯುವುದು. ಭೌತಶಾಸ್ತ್ರದ ಅನುರಣನೆಯಲ್ಲಿ ಮುಖ್ಯವಾದುದು ಯಾವ ಪೆಟ್ಟಿಗೆ ವಸ್ತು ಓಗೊಡುತ್ತದೆ ಎಂಬುದು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು, ಪರಮಾಣುವಿನ ನಡುವಿನ ಬೀಜವು ಗಂಟೆಯಂತೆ ಮೊಳಗುತ್ತದೆಯೇ ಎಂದು ವಿಜ್ಞಾನಿಗಳು ಎಂಬತ್ತು ವರ್ಷಗಳಿಗೂ ಮೀರಿ ನಡೆಸಿಕೊಂಡು ಬಂದಿರುವ ಹುಡುಕಾಟವನ್ನು ಈ ಪಾಠದಲ್ಲಿ ನೋಡೋಣ. ರೂಪಕಗಳೊಡನೆ ಬದುಕುವವರಾದ ನಮಗೆ ಅದರಲ್ಲಿ ಒಂದು ವಿಶೇಷ ಆಸಕ್ತಿಯಿದೆ. ‘ಬೀಜವು ಒಂದು ಹನಿ’, ‘ಬೀಜವು ಉಸಿರಾಡುತ್ತದೆ’ ಎಂಬ ಮಾತುಗಳನ್ನು ವಿಜ್ಞಾನಿಯೂ ಆಡುತ್ತಾನೆ. ಕವಿಯ ರೂಪಕಕ್ಕೆ ಸಹೃದಯನ ಒಪ್ಪಿಗೆ ಸಾಕು. ವಿಜ್ಞಾನಿಯ ರೂಪಕ ಮಾತ್ರ ಅಳತೆಯ ಮುಂದೆ ನಿಂತು ಸಾಕ್ಷಿ ಹೇಳಬೇಕು. ಹಾಗೆ ನಿಂತ ರೂಪಕಗಳಲ್ಲಿ ಕೆಲವು ಗೆದ್ದಿವೆ, ಒಂದು ಸೋತಿದೆ.

ಮೊದಲು ಗಾತ್ರದ ಮಾತು. ಸೀಸದ ಒಂದು ಪರಮಾಣುವಿನ ಬೀಜದಲ್ಲಿ 82 ಪ್ರೋಟಾನುಗಳೂ 126 ನ್ಯೂಟ್ರಾನುಗಳೂ, ಒಟ್ಟು 208 ಕಣಗಳು ಇಡಿಕಿರಿದಿವೆ. ಪರಮಾಣುವನ್ನು ಒಂದು ಕಿಲೋಮೀಟರು ಅಗಲದ ವೃತ್ತದಷ್ಟು ಹಿಗ್ಗಿಸಿ ನಮ್ಮ ಕಣೇಕಲ್ಲಿನ ಕೆರೆಯಂತಹ ದೊಡ್ಡ ನೀರಿನ ಮೇಲೆ ಹಾಸಿದೆವೆಂದು ಭಾವಿಸಿ. ಅದರ ನಡುವೆ ಬೀಜವು ಒಂದು ನಿಂಬೆಹಣ್ಣಿನಷ್ಟಿರುತ್ತದೆ. ಯಾವ ಸೂಕ್ಷ್ಮದರ್ಶಕಕ್ಕೂ ಅದು ಮೈದೋರದು. ಹಾಗಾದರೆ ಅದು ಕಂಪಿಸುತ್ತದೆಯೆಂದು ತಿಳಿಯುವುದು ಹೇಗೆ?

ನಮ್ಮ ಸೀಮೆಯ ರೈತರು ಒಣಗಿದ ಶೇಂಗಾ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಬೀಜ ಬಲಿತಿದೆಯೇ, ಸಿಪ್ಪೆಯಿಂದ ಬಿಟ್ಟುಕೊಂಡಿದೆಯೇ ಎಂದು ತಿಳಿಯುತ್ತಾರೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಬಿರುಕಿದ್ದರೆ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತದೆ. ಒಡೆಯದೆ ಒಳಗನ್ನು ಅರಿಯುವ ವಿದ್ಯೆ ಇದು. ಬೀಜದ ಕಂಪನವನ್ನು ಹುಡುಕುವವರದೂ ಇದೇ ವಿದ್ಯೆ. ತಟ್ಟುವ ಬೆರಳಿನ ಬದಲು ಗಾಮಾ ಕಿರಣ, ಎಲೆಕ್ಟ್ರಾನು, ಆಲ್ಫಾ ಕಣ. ಕೇಳುವ ಕಿವಿಯ ಬದಲು ಹರಳುಗಳಿಂದ ಮಾಡಿದ ಪತ್ತೆ ಯಂತ್ರ.

ತಟ್ಟಿದಾಗ ಏಳುವ ನಾದದಿಂದ ವಸ್ತುವಿನ ಚಲನೆಯ ಬಗೆಯನ್ನು ಓದುವ ಕೆಲಸಕ್ಕೆ ಬೆಂಗಳೂರಿನಲ್ಲಿಯೇ ಒಂದು ಸುಂದರ ನಿದರ್ಶನವಿದೆ. ಸರ್ ಸಿ.ವಿ. ರಾಮನ್ ಅವರು 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮರುವರ್ಷ ಅವರು ನಮ್ಮ ದೇಶದ ತಾಳವಾದ್ಯಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಸಾಮಾನ್ಯ ಚರ್ಮವಾದ್ಯದಿಂದ ಹೊರಡುವ ನಾದದ ಅಂಶಗಳು ಒಂದಕ್ಕೊಂದು ಹೊಂದುವುದಿಲ್ಲ; ಆದುದರಿಂದ ತಮಟೆಗೆ ಶ್ರುತಿಯಿಲ್ಲ. ಮೃದಂಗದ ಬಲಮುಖದ ನಡುವೆ ಕರಣೆಯೆಂಬ ಕಪ್ಪು ಲೇಪವಿದೆ. ಆ ಭಾರದಿಂದಾಗಿ ಚರ್ಮದ ಒಂಬತ್ತು ಬಗೆಯ ಕಂಪನಗಳು ಗುಂಪುಗೂಡಿ ಮೂಲಸ್ವರವೂ ಅದರ ಎರಡು, ಮೂರು, ನಾಲ್ಕು, ಐದು ಪಟ್ಟಿನ ಸ್ವರಗಳೂ ಆಗಿ ಐದೇ ನಾದಗಳಲ್ಲಿ ನೆಲೆಗೊಳ್ಳುತ್ತವೆ. ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ ರಾಮನ್ನರು ಇದನ್ನು ಕಣ್ಣಿಗೆ ಕಾಣಿಸಿದರು. ಚರ್ಮ ಕುಣಿಯುವಲ್ಲಿ ಮರಳು ಹಾರುತ್ತದೆ, ಚರ್ಮ ನಿಶ್ಚಲವಾಗಿರುವಲ್ಲಿ ಗೆರೆಯಾಗಿ ನಿಲ್ಲುತ್ತದೆ. ಹಗರಿ ಹೊಳೆಯ ಮರಳನ್ನು ಕಂಡವರಿಗೆ ಈ ಪ್ರಯೋಗವನ್ನು ವರ್ಣಿಸಿ ಹೇಳಬೇಕಾಗಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಗುರುತಿಸಿಕೊಳ್ಳಿ. ಒಂದು ವಸ್ತುವಿಗೆ ಹಲವು ಬಗೆಯ ಕಂಪನಗಳಿರಬಹುದು. ಪ್ರತಿ ಬಗೆಯಲ್ಲಿಯೂ ಇಡೀ ಚರ್ಮ ಒಂದು ಕಟ್ಟಿಗೆ ಒಳಪಟ್ಟು ಚಲಿಸುತ್ತದೆ. ಒಂದು ಮೂಲೆಯ ನಡುಕವಲ್ಲ ಅದು. ಈ ಎರಡನೆಯ ಸಂಗತಿಯನ್ನೇ ಭೌತಶಾಸ್ತ್ರವು ‘ಸಾಮೂಹಿಕ’ ಎಂಬ ವಿಶೇಷಣದಿಂದ ಸೂಚಿಸುತ್ತದೆ. ಬೀಜದ ಕಂಪನದ ಹುಡುಕಾಟದಲ್ಲಿ ಕಷ್ಟವಿರುವುದೆಲ್ಲ ಈ ವಿಶೇಷಣದಲ್ಲಿ. ಬೀಜದ ಮೇಲೆ ಉದುರಿಸಲು ಮರಳಿಲ್ಲ. ಶಕ್ತಿಯನ್ನು ಹೀರಿದ್ದು ಕಂಡರೂ, ಹೀರಿದ್ದು ಯಾವುದೋ ಒಂದು ಪ್ರೋಟಾನೋ, ಇಲ್ಲವೇ 208 ಕಣಗಳ ಕೂಟವೋ?

ಹುಡುಕಾಟದ ಮೊದಲ ಸುಳಿವು 1937ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಸಿಕ್ಕಿತು. ವಾಲ್ಟರ್ ಬೋಥೆ ಮತ್ತು ವೋಲ್ಫ್‌ಗಾಂಗ್ ಗೆಂಟ್ನರ್ ಎಂಬ ಇಬ್ಬರು ಲಿಥಿಯಂ ಲೋಹವನ್ನು ಪ್ರೋಟಾನುಗಳಿಂದ ಹೊಡೆದು, ಅದರಿಂದ ಹೊರಡುವ ಸುಮಾರು 17 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣವನ್ನು ಹಲವು ಧಾತುಗಳ ಮೇಲೆ ಬೀಳಿಸಿದರು. (ಈ ಅಳತೆಯನ್ನು ಮುಂದೆ ಮೆ.ಎ.ವೋ. ಎಂದು ಬರೆಯುತ್ತೇನೆ. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದಲ್ಲಿ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್ ಮಾತ್ರ ಇರುತ್ತದೆ. ಮೆಗಾ ಎಂದರೆ ಅದರ ಮುಂದೆ ಹತ್ತು ಲಕ್ಷ.) ಕೆಲವು ಧಾತುಗಳು ನಿರೀಕ್ಷೆಗಿಂತ ಬಹಳ ಹೆಚ್ಚಾಗಿ ಕಿರಣವನ್ನು ಹೀರಿ ನ್ಯೂಟ್ರಾನುಗಳನ್ನು ಉಗುಳಿದವು. ಆದರೆ ಅವರ ಬಳಿ ಇದ್ದುದು ಒಂದೇ ಶಕ್ತಿಯ ಕಿರಣ. ಒಂದೇ ಸ್ವರ ಗೊತ್ತಿರುವವನು ಗಂಟೆಯ ಶ್ರುತಿಯನ್ನು ಹುಡುಕಲಾರ; ಸ್ವರವನ್ನು ಏರಿಸುತ್ತ ಇಳಿಸುತ್ತ ಹೋಗುವ ಸಾಧನ ಬೇಕು.

ಆ ಸಾಧನವು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒದಗಿತು. ಅಮೆರಿಕದ ಸ್ಕೆನೆಕ್ಟಡಿ ನಗರದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿದ್ದ ಬೀಟಾಟ್ರಾನ್ ಎಂಬ ವೇಗವರ್ಧಕವು 100 ಮೆ.ಎ.ವೋ. ವರೆಗೆ ಶಕ್ತಿ ಕೊಡಬಲ್ಲುದಾಗಿತ್ತು. ಬಾಲ್ಡ್‌ವಿನ್ ಮತ್ತು ಕ್ಲೈಬರ್ ಎಂಬವರು 1947ರಲ್ಲಿ ಯುರೇನಿಯಂ ಮತ್ತು ಥೋರಿಯಂ ಮೇಲೆ, ಮರುವರ್ಷ ತಾಮ್ರ ಮತ್ತು ಇಂಗಾಲದ ಮೇಲೆ, ಶಕ್ತಿಯನ್ನು ಏರಿಸುತ್ತ ಕಿರಣ ಬಿಟ್ಟು ಲೆಕ್ಕ ಹಾಕಿದರು. ಹೀರುವಿಕೆಯ ರೇಖೆಯು ಏರುತ್ತ ಹೋಗಿ ಒಂದು ಅಗಲವಾದ ಗುಡ್ಡವನ್ನು ಕಟ್ಟಿ ಮತ್ತೆ ಇಳಿಯಿತು. ಬೇರೆ ಬೇರೆ ಧಾತುಗಳಲ್ಲಿ ಗುಡ್ಡದ ಸ್ಥಾನ ಬೇರೆಯಾದರೂ ಗುಡ್ಡವಂತೂ ಎಲ್ಲ ಕಡೆಯೂ ಇತ್ತು.

ಈ ಗುಡ್ಡಕ್ಕೆ ಅರ್ಥ ಹೇಳಿದವರು ಮಾರಿಸ್ ಗೋಲ್ಡ್‌ಹಾಬರ್ ಮತ್ತು ಎಡ್ವರ್ಡ್ ಟೆಲ್ಲರ್, 1948ರಲ್ಲಿ. ರಷ್ಯದ ಮಿಗ್ದಾಲ್ ಕೆಲವು ವರ್ಷಗಳ ಮುಂಚೆಯೇ ಇಂತಹುದನ್ನು ಸ್ವತಂತ್ರವಾಗಿ ಎಣಿಸಿದ್ದನು. ಅವರ ಚಿತ್ರ ಹೀಗಿದೆ. 13.5 ಮೆ.ಎ.ವೋ. ಗಾಮಾ ಕಿರಣದ ಅಲೆಯುದ್ದವು ಸೀಸದ ಬೀಜದ ವ್ಯಾಸಕ್ಕಿಂತ ಆರೇಳು ಪಟ್ಟು ದೊಡ್ಡದು. ಆದುದರಿಂದ ಅಲೆಯು ಬೀಜದ ಒಂದು ಮೂಲೆಯನ್ನು ಮಾತ್ರ ಚಿವುಟಲಾರದು. ಇಡೀ ಬೀಜವನ್ನು ಒಮ್ಮೆಲೇ ತಾಕುತ್ತದೆ. ವಿದ್ಯುದಂಶವುಳ್ಳ ಪ್ರೋಟಾನುಗಳೆಲ್ಲ ಒಂದು ಕಡೆಗೆ ಸೆಳೆಯಲ್ಪಡುತ್ತವೆ. ಬೀಜದ ತೂಕದ ಕೇಂದ್ರ ಕದಲದಿರಬೇಕಾದರೆ ವಿದ್ಯುದಂಶವಿಲ್ಲದ ನ್ಯೂಟ್ರಾನುಗಳು ಎದುರು ದಿಕ್ಕಿಗೆ ಸರಿಯಬೇಕು. ಅವುಗಳ ನಡುವಿನ ಬಲವಾದ ಸೆಳೆತ ಅವನ್ನು ಮತ್ತೆ ಕೂಡಿಸುತ್ತದೆ, ವೇಗದಲ್ಲಿ ಒಂದನ್ನೊಂದು ದಾಟುತ್ತವೆ, ಮತ್ತೆ ಸೆಳೆತ. ಹೀಗೆ ಎರಡು ದ್ರವಗಳು ಒಂದರೊಳಗೊಂದು ತೂಗುತ್ತವೆ. ಇದಕ್ಕೆ ದೈತ್ಯ ದ್ವಿಧ್ರುವ ಅನುರಣನೆ ಎಂದು ಹೆಸರು. ‘ದೈತ್ಯ’ ಎಂಬ ವಿಶೇಷಣ ಗುಡ್ಡದ ಎತ್ತರವನ್ನು ನೋಡಿ ಬಂದದ್ದು. ನನಗಂತೂ ‘ಮಹಾ ಅನುರಣನೆ’ ಎಂದರೆ ಕನ್ನಡದ ಕಿವಿಗೆ ಹೆಚ್ಚು ಹಿತವೆನಿಸುತ್ತದೆ. ದೈತ್ಯರು ನಮ್ಮ ಕಾವ್ಯಗಳಲ್ಲಿ ತೂಗುವವರಲ್ಲ, ತೂಗಾಡಿಸುವವರು.

ವೇಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮೃದಂಗದ ಚರ್ಮ ಸೆಕೆಂಡಿಗೆ ಕೆಲವು ನೂರು ಬಾರಿ ಕಂಪಿಸುತ್ತದೆ. ಸೀಸದ ಬೀಜದ ಈ ತೂಗಾಟವು ಸೆಕೆಂಡಿಗೆ 33 ಎಂದು ಬರೆದು ಮುಂದೆ 20 ಸೊನ್ನೆಗಳನ್ನು ಇಟ್ಟಷ್ಟು ಬಾರಿ. ಆದರೆ ಅದರ ಆಯುಷ್ಯ ಬಹಳ ಕಡಿಮೆ. ಗುಡ್ಡದ ಅಗಲ ಸುಮಾರು 4 ಮೆ.ಎ.ವೋ.; ಗುಡ್ಡ ಅಗಲವಾದಷ್ಟೂ ಮೊಳಗು ಬೇಗ ಅಡಗಿತೆಂದು ಅರ್ಥ. ಲೆಕ್ಕ ಹಾಕಿದರೆ ಒಂದೆರಡು ಬಾರಿ ತೂಗುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಕಂಚಿನ ಗಂಟೆಗಿಂತ ಒದ್ದೆ ಮಣ್ಣಿನ ಮಡಕೆಯ ಸದ್ದಿಗೆ ಇದು ಹತ್ತಿರ. ಆನಂದವರ್ಧನನ ಗಂಟೆಯ ಅನುರಣನವನ್ನು ಇಲ್ಲಿ ಹುಡುಕಿದರೆ ನಿರಾಶೆಯಾದೀತು.

ಈಗ ನಮ್ಮ ಮುಖ್ಯ ಪ್ರಶ್ನೆ. ಗುಡ್ಡ ಕಂಡಿತು ಸರಿ, ಅದು ಕೂಟದ ಚಲನೆಯೆಂಬುದಕ್ಕೆ ಸಾಕ್ಷಿ ಯಾವುದು? ಸಾಕ್ಷಿ ಮೂರು ಕಡೆಯಿಂದ ಬಂದಿತು.

ಮೊದಲನೆಯದು ಲೆಕ್ಕಪತ್ರದ ಸಾಕ್ಷಿ. ಒಂದು ಬೀಜ ಎಲ್ಲ ಶಕ್ತಿಯ ಗಾಮಾ ಕಿರಣಗಳನ್ನೂ ಸೇರಿಸಿ ಒಟ್ಟು ಎಷ್ಟು ಹೀರಬಲ್ಲುದು ಎಂಬುದಕ್ಕೆ ಒಂದು ನಿಯಮವಿದೆ. ಪ್ರೋಟಾನುಗಳ ಸಂಖ್ಯೆಯನ್ನು ನ್ಯೂಟ್ರಾನುಗಳ ಸಂಖ್ಯೆಯಿಂದ ಗುಣಿಸಿ, ಒಟ್ಟು ಕಣಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಮೊತ್ತಕ್ಕೆ ಅದು ಅನುಗುಣವಾಗಿರುತ್ತದೆ. ಸೀಸಕ್ಕೆ ಆ ಮೊತ್ತ ಸುಮಾರು 50. ಇದು ಇಡೀ ಊರಿನ ಕಂದಾಯವಿದ್ದಂತೆ. ಒಂದು ಮನೆ ಕಟ್ಟಬಹುದಾದುದು ಅದರ ಅತ್ಯಲ್ಪ ಭಾಗ. ಅಳೆದು ನೋಡಿದಾಗ ಆ ಒಂದೇ ಗುಡ್ಡದಲ್ಲಿ ಹೆಚ್ಚು ಕಡಿಮೆ ಇಡೀ ಊರಿನ ಕಂದಾಯವೇ ಸಂದಾಯವಾಗಿತ್ತು. ಒಂದಿಬ್ಬರಿಂದ ಆಗುವ ಕೆಲಸವಲ್ಲ ಅದು.

ಎರಡನೆಯದು ಗಾತ್ರದ ಸಾಕ್ಷಿ. ದೊಡ್ಡ ಗಂಟೆಯ ನಾದ ತಗ್ಗು, ಸಣ್ಣ ಗಂಟೆಯದು ಹೆಚ್ಚು. ಸೀಸದಲ್ಲಿ ಗುಡ್ಡದ ಶಿಖರ 13.5 ಮೆ.ಎ.ವೋ. ಬಳಿ, ಅದಕ್ಕಿಂತ ಹಗುರವಾದ ತವರದಲ್ಲಿ 15ರ ಆಚೆ, ಇನ್ನೂ ಹಗುರವಾದ ಧಾತುಗಳಲ್ಲಿ ಇನ್ನೂ ಮೇಲೆ. ಒಂಟಿ ಕಣಗಳ ನೆಗೆತವಾಗಿದ್ದರೆ ಧಾತುವಿನಿಂದ ಧಾತುವಿಗೆ ಅಡ್ಡಾದಿಡ್ಡಿಯಾಗಿ ಬದಲಾಗಬೇಕಾಗಿತ್ತು. ಇಷ್ಟು ನಯವಾಗಿ ಗಾತ್ರವನ್ನು ಅನುಸರಿಸುತ್ತಿರಲಿಲ್ಲ.

ಮೂರನೆಯದೇ ನನಗೆ ಬಹಳ ಮೆಚ್ಚಿಕೆಯಾದುದು. ಎಲ್ಲ ಬೀಜಗಳೂ ದುಂಡಗಿಲ್ಲ. ಕೆಲವು ಮೊಟ್ಟೆಯಂತೆ ನೀಳವಾಗಿವೆ. ನೀಳ ವಸ್ತು ಉದ್ದಕ್ಕೆ ತೂಗಿದರೆ ನಿಧಾನ, ಅಡ್ಡಕ್ಕೆ ತೂಗಿದರೆ ಬೇಗ. ಹಾಗಾದರೆ ಅಂತಹ ಬೀಜಗಳಲ್ಲಿ ಒಂದು ಗುಡ್ಡದ ಬದಲು ಎರಡು ಗುಡ್ಡಗಳು ಕಾಣಬೇಕೆಂದು ಡಾನೋಸ್ ಮತ್ತು ಒಕಮೋಟೋ ಎಂಬವರು ಬೇರೆ ಬೇರೆಯಾಗಿ 1958ರಲ್ಲಿ ಹೇಳಿದರು. ಅದೇ ವರ್ಷ ಟರ್ಬಿಯಂ ಮತ್ತು ಟ್ಯಾಂಟಲಂ ಧಾತುಗಳಲ್ಲಿ ಗುಡ್ಡ ಇಬ್ಭಾಗವಾದದ್ದು ಕಂಡಿತು. ರೂಪಕವು ತನಗೆ ತಿಳಿದುದನ್ನು ವಿವರಿಸಿದರೆ ಸಾಲದು, ತಿಳಿಯದುದನ್ನು ಮುಂಚಿತವಾಗಿ ಹೇಳಬೇಕು. ಇಲ್ಲಿ ಅದು ಹೇಳಿತು.

ತೂಗಾಟ ಇನ್ನೂ ಹಲವು ಬಗೆ. ಬೀಜವು ಒಮ್ಮೆ ಕೋಡುಬಳೆಯಂತೆ ಉದ್ದವಾಗಿ ಒಮ್ಮೆ ವಡೆಯಂತೆ ಚಪ್ಪಟೆಯಾಗುವುದನ್ನು ಡಾರ್ಮ್‌ಸ್ಟಾಟ್‌ನಲ್ಲಿ ಎಲೆಕ್ಟ್ರಾನುಗಳ ನೆರವಿನಿಂದ 1971ರಲ್ಲಿ ಗುರುತಿಸಿದರು. ಪ್ರೋಟಾನುಗಳ ನೀಳ ರಾಶಿಯೂ ನ್ಯೂಟ್ರಾನುಗಳ ನೀಳ ರಾಶಿಯೂ ಕತ್ತರಿಯ ಎರಡು ಅಲಗುಗಳಂತೆ ತೆರೆದು ಮುಚ್ಚುವ ಕಂಪನವನ್ನು ಲೋ ಯೂಡಿಚೆ ಮತ್ತು ಪಲುಂಬೋ 1978ರಲ್ಲಿ ಊಹಿಸಿದರು. 1984ರಲ್ಲಿ ಅದೇ ಡಾರ್ಮ್‌ಸ್ಟಾಟ್‌ನಲ್ಲಿ ಗ್ಯಾಡೋಲಿನಿಯಂ ಬೀಜದಲ್ಲಿ ಅದು ಸಿಕ್ಕಿತು.

ಇವುಗಳಲ್ಲಿ ಹೆಚ್ಚು ಕಾಡಿಸಿದ್ದು ಉಸಿರಾಟದ ಕಂಪನ. ಬೀಜದ ಆಕಾರ ಬದಲಾಗದೆ ಇಡೀ ಮೈ ಹಿಗ್ಗಿ ಕುಗ್ಗುವ ಬಗೆ ಇದು. ಇದರ ಬೆಲೆ ದೊಡ್ಡದು: ಬೀಜದ ದ್ರವ್ಯ ಒತ್ತಿದರೆ ಎಷ್ಟು ಮಣಿಯುತ್ತದೆ ಎಂಬುದನ್ನು ಇದು ಹೇಳುತ್ತದೆ. ನಕ್ಷತ್ರ ಸಿಡಿಯುವಾಗಲೂ ನ್ಯೂಟ್ರಾನ್ ನಕ್ಷತ್ರ ತನ್ನ ತೂಕವನ್ನು ತಾನೇ ಹೊರುವಾಗಲೂ ಬೇಕಾದ ಸಂಖ್ಯೆ ಅದೇ. ಆದರೆ ಸೀಸದಲ್ಲಿ ಈ ಕಂಪನ 14 ಮೆ.ಎ.ವೋ. ಹತ್ತಿರ, ಅಂದರೆ ಮಹಾ ದ್ವಿಧ್ರುವದ ಗುಡ್ಡದ ಮೇಲೆಯೇ ಕುಳಿತಿದೆ. ಪಕ್ಕದಲ್ಲಿ 11ರ ಬಳಿ ಕೋಡುಬಳೆ ಕಂಪನದ ಗುಡ್ಡ. ಜಾತ್ರೆಯ ಗದ್ದಲದಲ್ಲಿ ಒಬ್ಬನ ಉಸಿರು ಕೇಳಿಸಿಕೊಂಡಂತೆ. ದಾರಿ ಸಿಕ್ಕಿದ್ದು ಹೀಗೆ: ಆಲ್ಫಾ ಕಣದಲ್ಲಿ ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳು ಸಮನಾಗಿರುವುದರಿಂದ ಅದು ಪ್ರೋಟಾನು ನ್ಯೂಟ್ರಾನುಗಳನ್ನು ಎದುರುಬದುರಾಗಿ ತೂಗಿಸುವುದು ಬಹಳ ಕಡಿಮೆ, ಹೀಗೆ ದ್ವಿಧ್ರುವದ ಗದ್ದಲ ತಗ್ಗುತ್ತದೆ. ಉಳಿದ ಎರಡನ್ನು ಬೇರ್ಪಡಿಸಲು ಕಣಗಳು ಬಂದ ದಾರಿಯಿಂದ ಬಹುತೇಕ ಓರೆಯಾಗದೆ ಹೋಗುವ ನೇರದಲ್ಲಿ ನಿಂತು ನೋಡಬೇಕು. ಉಸಿರಾಟದ ಗುರುತು ಅಲ್ಲಿ ಮಾತ್ರ ಏಕಾಏಕಿ ಎದ್ದು ನಿಲ್ಲುತ್ತದೆ. ತೊಡಕೆಂದರೆ ಬೀಜವನ್ನು ತಾಕದೆ ಹಾಯ್ದುಹೋದ ಕೋಟ್ಯಂತರ ಕಣಗಳೂ ಅದೇ ನೇರದಲ್ಲಿ ಬರುತ್ತವೆ. ಆ ಪ್ರವಾಹದ ನಡುವೆ ನಿಂತು 1977ರಲ್ಲಿ ಹಾಲೆಂಡಿನ ಖ್ರೋನಿಂಗನ್ನಿನಲ್ಲಿ ಹರಾಕೆ ಮತ್ತು ಸಂಗಡಿಗರೂ, ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಯಂಗ್‌ಬ್ಲಡ್ ಮತ್ತು ಸಂಗಡಿಗರೂ ಉಸಿರನ್ನು ಹಿಡಿದರು. ಮುಂದೆ 2007ರಲ್ಲಿ ಜಪಾನಿನ ಒಸಾಕಾದಲ್ಲಿ ತವರದ ಏಳು ಸಮಸ್ಥಾನಿಗಳನ್ನು ಅಳೆದಾಗ, ಸೀಸಕ್ಕೆ ಸರಿಹೊಂದಿದ ಲೆಕ್ಕ ಹೇಳುವುದಕ್ಕಿಂತ ತವರದ ಬೀಜಗಳು ಮೆತ್ತಗಿರುವುದು ಕಂಡಿತು. ತವರವೇಕೆ ಇಷ್ಟು ಮೃದು ಎಂಬುದು ಅಂದಿನಿಂದ ಚರ್ಚೆಯ ವಿಷಯವಾಗಿದೆ.

ನಮ್ಮ ಹತ್ತಿರದವರ ಮಾತಿಗೆ ಬರೋಣ. ಮಡಕಶಿರಾದ ಗಡಿ ದಾಟಿದರೆ ತುಮಕೂರು ಜಿಲ್ಲೆ. ತುಮಕೂರಿನಲ್ಲಿ 1925ರ ಜನವರಿ 28ರಂದು ಹುಟ್ಟಿದ ರಾಜಾ ರಾಮಣ್ಣ ಅವರನ್ನು ಪತ್ರಿಕೆ ಓದುವವರು 1974ರ ಪೋಖ್ರಾನ್ ಪ್ರಯೋಗದಿಂದ ಬಲ್ಲರು. ಅವರ ವಿಜ್ಞಾನದ ಬದುಕಿನ ಬಹುಭಾಗ ವಿದಳನದ ಅಧ್ಯಯನಕ್ಕೆ ಸಂದಿತು ಎಂಬುದನ್ನು ಬಲ್ಲವರು ಕಡಿಮೆ. ವಿದಳನವೂ ಒಂದು ಸಾಮೂಹಿಕ ಚಲನೆಯೇ, ಮಿತಿಮೀರಿದ ತೂಗಾಟ. 1938ರ ಕೊನೆಯಲ್ಲಿ ಲೀಸ್ ಮೈಟ್ನರ್ ಮತ್ತು ಆಟೋ ಫ್ರಿಷ್ ಯುರೇನಿಯಂ ಬೀಜವನ್ನು ನೀರಿನ ಹನಿಯಂತೆ ಭಾವಿಸಿದರು. ಹನಿ ನೀಳವಾಗುತ್ತದೆ, ಕುಗ್ಗುತ್ತದೆ. ಒಮ್ಮೆ ನೀಳತೆ ಒಂದು ಎಲ್ಲೆ ದಾಟಿದರೆ ಮರಳಿ ಬರಲಾರದೆ ನಡು ಸಣ್ಣಗಾಗಿ ಹರಿದುಹೋಗುತ್ತದೆ. ಹರಿಯುವ ಕ್ಷಣದ ಬೀಜದ ಆಕಾರ ನಮ್ಮ ಹೊಲದ ಶೇಂಗಾ ಕಾಯಿಯದೇ: ಎರಡು ಉಬ್ಬು, ನಡುವೆ ಸೊಂಟ. ಫ್ರಿಷ್ ಇದಕ್ಕೆ ಹೆಸರನ್ನು ಜೀವಕೋಶದ ವಿಭಜನೆಯಿಂದ ಎರವಲು ಪಡೆದನು. ಕನ್ನಡದ ‘ವಿದಳನ’ವನ್ನು ಕೇಳಿದಾಗ ನಮಗೆ ದ್ವಿದಳ ಧಾನ್ಯವೂ ಬೇಳೆಯೂ ನೆನಪಾಗುತ್ತವೆ. ನೆನಪಾಗಲಿ, ಆದರೆ ಒಂದು ಎಚ್ಚರ ಬೇಕು. ಬೇಳೆ ಎರಡು ಸಮಭಾಗವಾಗುತ್ತದೆ. ಯುರೇನಿಯಂ ಸಾಮಾನ್ಯವಾಗಿ ಅಸಮಭಾಗವಾಗುತ್ತದೆ, ಸುಮಾರು 95 ಕಣಗಳದು ಒಂದು, 140 ಕಣಗಳದು ಇನ್ನೊಂದು.

ಈ ಅಸಮತೆಯೇಕೆ ಎಂಬುದು ರಾಮಣ್ಣನವರನ್ನು ಹಿಡಿದ ಪ್ರಶ್ನೆಗಳಲ್ಲಿ ಒಂದು. ಮುಂಬಯಿಯ ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ‘ಅಪ್ಸರಾ’ ರಿಯಾಕ್ಟರು ಕೆಲಸ ಆರಂಭಿಸಿತು. ಟ್ರಾಂಬೆಯಲ್ಲಿ ಅವರೂ ಎಸ್.ಎಸ್. ಕಪೂರ್ ಮುಂತಾದ ಸಂಗಡಿಗರೂ ಯುರೇನಿಯಂ ಒಡೆದಾಗ ಸಿಡಿಯುವ ನ್ಯೂಟ್ರಾನುಗಳ ದಿಕ್ಕನ್ನೂ ಶಕ್ತಿಯನ್ನೂ ಅಳೆದರು. ತರ್ಕ ಸರಳವಾದುದು: ಓಡುವ ಬಂಡಿಯಿಂದ ಮುಂದಕ್ಕೆ ಎಸೆದ ಕಲ್ಲಿಗೆ ಬಂಡಿಯ ವೇಗವೂ ಸೇರುತ್ತದೆ. ಹಾಗೆಯೇ ಹಾರುವ ತುಣುಕಿನಿಂದ ಹೊರಟ ನ್ಯೂಟ್ರಾನಿನಲ್ಲಿ ತುಣುಕಿನ ವೇಗದ ಗುರುತಿರಬೇಕು. ಬಹುಪಾಲಿಗೆ ಆ ಗುರುತಿತ್ತು. ಒಂದು ಅಲ್ಪಭಾಗಕ್ಕೆ ಇರಲಿಲ್ಲ. ಆ ಅಲ್ಪಭಾಗ ಸೊಂಟ ಹರಿಯುವ ಗಳಿಗೆಯಲ್ಲೇ ಚಿಮ್ಮಿದ್ದೆಂದು ಅವರು ಕಂಡರು. ಸೊಂಟ ಇನ್ನೂ ಕೂಡಿರುವಾಗ ಎರಡು ಉಬ್ಬುಗಳ ನಡುವೆ ಕಣಗಳು ಯಾದೃಚ್ಛಿಕವಾಗಿ ಅತ್ತಿತ್ತ ವಿನಿಮಯವಾಗುತ್ತವೆ, ತುಣುಕುಗಳ ತೂಕ ನಿಶ್ಚಯವಾಗುವುದು ಆ ಕೊಡುಕೊಳ್ಳುವಿಕೆಯಿಂದ ಎಂಬ ವಾದವನ್ನೂ ರಾಮಣ್ಣನವರು ಮಂಡಿಸಿದರು. ಇವರು ಪಿಯಾನೋ ನುಡಿಸುವುದರಲ್ಲಿ ನುರಿತವರು. ರಾಗ ಸಂಗೀತ ಮತ್ತು ಪಾಶ್ಚಾತ್ಯ ಸಂಗೀತಗಳ ರಚನೆಯನ್ನು ಕುರಿತು ಪುಸ್ತಕವನ್ನೂ ಬರೆದರು. ಹಿಂದೂಪುರಕ್ಕೆ ಸಮೀಪದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರೂ ಅಮೆರಿಕದ ಓಹಾಯೋದಲ್ಲಿ ಬೀಜ ಭೌತಶಾಸ್ತ್ರದಲ್ಲಿಯೇ ಡಾಕ್ಟರೇಟ್ ಪಡೆದು ಬಂದವರು. ನಾವು ಅವರನ್ನು ‘ಹೋರಾಟದ ಹಾದಿ’ ಎಂಬ ಆತ್ಮಕಥೆಯಿಂದ ಬಲ್ಲೆವು.

ಮಹಾ ಅನುರಣನೆಯ ಹುಡುಕಾಟ ಇಂದು ಭಾರತದಲ್ಲಿಯೂ ನಡೆಯುತ್ತಿದೆ. ಕೊಲ್ಕತ್ತದ ಸೈಕ್ಲೋಟ್ರಾನ್ ಕೇಂದ್ರದಲ್ಲಿ ಬೇರಿಯಂ ಫ್ಲೋರೈಡಿನ 162 ಹರಳುಗಳನ್ನು ಜೋಡಿಸಿ ಕಟ್ಟಿದ ಪತ್ತೆ ಯಂತ್ರವಿದೆ. ಅಲ್ಲಿ ಪ್ರಶ್ನೆ ಸ್ವಲ್ಪ ಬೇರೆ: ಕಾದ ಬೀಜ ಹೇಗೆ ತೂಗುತ್ತದೆ? ಎರಡು ಬೀಜಗಳನ್ನು ಬೆಸೆದು ಕಾಯಿಸಿ, ಅದರಿಂದ ಹೊರಡುವ ಗಾಮಾ ಕಿರಣಗಳಲ್ಲಿ ಗುಡ್ಡದ ಅಗಲವನ್ನು ಅಳೆಯುತ್ತಾರೆ. ಬಿಸಿ ಏರಿದಂತೆ ಗುಡ್ಡ ಅಗಲವಾಗುತ್ತದೆಂದು ಮೊದಲೇ ತಿಳಿದಿತ್ತು. ಆದರೆ ಕಡಿಮೆ ಬಿಸಿಯಲ್ಲಿ ಅದು ಲೆಕ್ಕ ಹೇಳಿದಷ್ಟು ಅಗಲವಾಗದೆ ಬಹುಮಟ್ಟಿಗೆ ತಣ್ಣನೆಯ ಬೀಜದ ಅಗಲದಲ್ಲಿಯೇ ಉಳಿಯುತ್ತದೆ ಎಂಬುದನ್ನು ಕೊಲ್ಕತ್ತದ ಅಳತೆಗಳು ತೋರಿಸಿದವು.

ಇನ್ನು ಸೋತ ರೂಪಕದ ಕಥೆ. ಮಹಾ ಅನುರಣನೆಗೆ ಬೇಕಾದ ಶಕ್ತಿಯ ಇಪ್ಪತ್ತನೆಯ ಒಂದು ಭಾಗದಲ್ಲಿಯೇ, ಬೀಜದ ಹೊರಮೈ ಮಾತ್ರ ಮೆಲ್ಲಗೆ ಅಲೆಯಾಡುವ ಇನ್ನೊಂದು ಕಂಪನವನ್ನು ಆಗೇ ಬೋರ್ ಮತ್ತು ಬೆನ್ ಮೊಟೆಲ್ಸನ್ 1950ರ ದಶಕದಲ್ಲಿ ವಿವರಿಸಿದರು. ಬೀಜದ ಸಾಮೂಹಿಕ ಚಲನೆಯ ಅಧ್ಯಯನಕ್ಕಾಗಿ ಅವರಿಗೂ ಜೇಮ್ಸ್ ರೇನ್‌ವಾಟರ್ ಅವರಿಗೂ 1975ರ ನೊಬೆಲ್ ಬಹುಮಾನ ಬಂದಿತು. ಶುದ್ಧ ಕಂಪನದ ಲಕ್ಷಣ ಏಣಿಯ ಮೆಟ್ಟಿಲಿನಂತೆ. ಮೊದಲ ಮೆಟ್ಟಿಲು ಎಷ್ಟು ಎತ್ತರವೋ ಎರಡನೆಯದು ಅದರ ಎರಡು ಪಟ್ಟು. ಅಲ್ಲಿ ಒತ್ತಾಗಿ ಮೂರು ಸ್ಥಿತಿಗಳು ಇರಬೇಕು. ಕ್ಯಾಡ್ಮಿಯಂ ಧಾತುವಿನ 114 ಕಣಗಳ ಬೀಜವನ್ನು ನೋಡಿ. ಮೊದಲ ಮೆಟ್ಟಿಲು 558 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅದರ ಇಮ್ಮಡಿ 1116. ಅಲ್ಲಿಗೆ ಸಮೀಪದಲ್ಲಿ 1134, 1209, 1283 ಎಂಬ ಮೂರು ಸ್ಥಿತಿಗಳಿವೆ. ಇದಕ್ಕಿಂತ ಚೊಕ್ಕಟವಾದ ಉದಾಹರಣೆ ಯಾವ ಅಧ್ಯಾಪಕನಿಗೆ ಬೇಕು? ಹಲವು ದಶಕಗಳ ಕಾಲ ಪಠ್ಯಪುಸ್ತಕಗಳು ಕ್ಯಾಡ್ಮಿಯಮ್ಮನ್ನೇ ಕಂಪಿಸುವ ಬೀಜದ ಮಾದರಿಯೆಂದು ಅಚ್ಚು ಹಾಕಿದವು. ಪಕ್ಕದಲ್ಲಿಯೇ 1305 ಮತ್ತು 1364ರಲ್ಲಿ ಕರೆಯದೆ ಬಂದ ಎರಡು ಸ್ಥಿತಿಗಳಿದ್ದವು. ಅವನ್ನು ‘ನುಸುಳುಕೋರರು’ ಎಂದು ಕರೆದು ಬದಿಗಿರಿಸಲಾಯಿತು.

ಆದರೆ ಮೆಟ್ಟಿಲಿನ ಎತ್ತರ ಸರಿಯಿದ್ದ ಮಾತ್ರಕ್ಕೆ ಏಣಿಯಾಗುವುದಿಲ್ಲ. ಒಂದರಿಂದ ಒಂದಕ್ಕೆ ಇಳಿಯಲು ಬರಬೇಕು. ಎರಡನೆಯ ಮೆಟ್ಟಿಲಿನ ಸ್ಥಿತಿ ಮೊದಲ ಮೆಟ್ಟಿಲಿಗೇ ಇಳಿಯಬೇಕು, ಅದೂ ಎರಡು ಪಟ್ಟು ಬಿರುಸಿನಿಂದ. ಪ್ರತಿಯೊಂದು ಸ್ಥಿತಿ ಎಷ್ಟು ಹೊತ್ತು ಬದುಕುತ್ತದೆ, ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಅಳೆಯುವುದು ವರ್ಷಗಟ್ಟಲೆಯ ಕೆಲಸ. ಪೌಲ್ ಗ್ಯಾರೆಟ್, ಗ್ರೀನ್ ಮತ್ತು ವುಡ್ ಅಂತಹ ಅಳತೆಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ತೀರ್ಮಾನವೆಂದರೆ, 110ರಿಂದ 116ರವರೆಗಿನ ಕ್ಯಾಡ್ಮಿಯಂ ಬೀಜಗಳಲ್ಲಿ ಕಂಪನದ ಚಿತ್ರ ನಿಲ್ಲುವುದಿಲ್ಲ. ಎತ್ತರಗಳು ಹೊಂದಿದ್ದವು, ಇಳಿತಗಳು ಹೊಂದಲಿಲ್ಲ. ನುಸುಳುಕೋರರ ಬೆರಕೆಯಿಂದ ಹೀಗಾಯಿತೆಂದು ಹೇಳಿ ಚಿತ್ರವನ್ನು ಉಳಿಸಿಕೊಳ್ಳುವ ಪ್ರಯತ್ನವೂ ಕೈಗೂಡಲಿಲ್ಲ. ಛಂದಸ್ಸಿನ ಪಾಠ ನೆನಪು ಮಾಡಿಕೊಂಡರೆ ಇದು ಅರ್ಥವಾಗುತ್ತದೆ: ಒಂದು ಸಾಲಿನ ಒಟ್ಟು ಮಾತ್ರೆಗಳು ಷಟ್ಪದಿಗೆ ಹೊಂದಿದರೂ ಗಣವಿಭಾಗ ಹೊಂದದಿದ್ದರೆ ಅದನ್ನು ಷಟ್ಪದಿಯ ಸಾಲೆನ್ನಲು ಬರುವುದಿಲ್ಲ. ಕ್ಯಾಡ್ಮಿಯಂನಲ್ಲಿ ಮಾತ್ರೆ ಎಣಿಸಿದ್ದರು, ಗಣ ಬಿಡಿಸಿರಲಿಲ್ಲ.

ಇದರಿಂದ ಮಹಾ ಅನುರಣನೆಗೆ ಧಕ್ಕೆಯಿಲ್ಲ. ಅದರ ಸಾಕ್ಷಿಗಳು ಬೇರೆ, ಅವು ಗಟ್ಟಿಯಾಗಿ ನಿಂತಿವೆ. ಒಂದರ ಮೇಲೊಂದರಂತೆ ಎರಡು ಮಹಾ ತೂಗಾಟಗಳನ್ನು ಏರಿಸಿ ಅದರ ಇಮ್ಮಡಿ ಮೆಟ್ಟಿಲನ್ನು 1993ರಲ್ಲಿ ಡಾರ್ಮ್‌ಸ್ಟಾಟ್‌ನ ಭಾರ ಅಯಾನು ಪ್ರಯೋಗಶಾಲೆಯಲ್ಲಿ ಕಂಡದ್ದೂ ಆಗಿದೆ. ಸಂದೇಹಕ್ಕೆ ಒಳಗಾದದ್ದು ಹೊರಮೈಯ ಮೆಲ್ಲನೆಯ ಅಲೆ ಮಾತ್ರ.

ಇಂತಹ ವಿಷಯವನ್ನು ಕನ್ನಡ ವಿಭಾಗದವರು ಏಕೆ ಓದಬೇಕೆಂದು ಯಾರಾದರೂ ಕೇಳಿದರೆ ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರನ್ನು ಹೇಳಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಮುಂದೆ ಸಾಹಿತ್ಯ ಪರಿಷತ್ತಿಗಾಗಿ ‘ಪಂಪಭಾರತ’ವನ್ನು ಪರಿಷ್ಕರಿಸಿದವರೂ ಅವರೇ. ಪಾಠಾಂತರಗಳನ್ನು ತೂಗಿ ನೋಡುವ ಕಣ್ಣು ಅವರಿಗೆ ಎರಡು ಕಡೆಗಳಿಂದಲೂ ಬಂದಿತ್ತು.

ಕ್ಯಾಡ್ಮಿಯಂ ವಿಚಾರದಲ್ಲಿ ಈಗ ಮುಂದೆ ಬಂದಿರುವ ಮಾತು ಬೇರೊಂದು. 110 ಮತ್ತು 112 ಕಣಗಳ ಕ್ಯಾಡ್ಮಿಯಂ ಬೀಜಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದೇ ಬೀಜ ಹತ್ತಿರ ಹತ್ತಿರದ ಶಕ್ತಿಗಳಲ್ಲಿ ಬೇರೆ ಬೇರೆ ಆಕಾರಗಳನ್ನು ತಾಳಬಲ್ಲುದು; ಒಂದು ಸ್ಥಿತಿಯಲ್ಲಿ ನೀಳ, ಇನ್ನೊಂದರಲ್ಲಿ ಚಪ್ಪಟೆ. ಹಿಂದೆ ನುಸುಳುಕೋರರೆನಿಸಿದವರು ಈಗ ಮನೆಯವರೇ ಆಗಿದ್ದಾರೆ. ಇದನ್ನು ‘ಆಕಾರಗಳ ಸಹಬಾಳ್ವೆ’ ಎಂದು ತರಗತಿಯಲ್ಲಿ ಹೇಳುತ್ತಿದ್ದೇನೆ. ಸಹಬಾಳ್ವೆಯೆಂದರೆ ಇಬ್ಬರು ಇರಬೇಕು. ಇಲ್ಲಿರುವುದು ಒಬ್ಬನೇ, ವೇಷಗಳು ಹಲವು. ಬಹುರೂಪವೆನ್ನೋಣವೆಂದರೆ ಆ ಮಾತನ್ನು ರಸಾಯನಶಾಸ್ತ್ರದವರು ಹರಳುಗಳಿಗೆ ಈಗಾಗಲೇ ಬಳಸಿದ್ದಾರೆ. ಇದಕ್ಕಿಂತ ಒಪ್ಪುವ ಪದ ತೋಚಿದವರು ಅದನ್ನೂ ಅದಕ್ಕೆ ಕಾರಣವನ್ನೂ ಅರ್ಧ ಪುಟದಲ್ಲಿ ಬರೆದು ವಿಭಾಗಕ್ಕೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಅಚ್ಚಾಗುತ್ತದೆ.